ಎದುರು ಮನೆಯ ಕ್ಯಾಮೆರಾ

ಮಧುಗಿರಿಯಲ್ಲಿ ನಾವಿರುವ ರಸ್ತೆಯಲ್ಲಿ ಹನ್ನೊಂದೇ ಮನೆ. ರಸ್ತೆ ಎಷ್ಟು ಕಿರಿದೆಂದರೆ, ಎದುರು ಮನೆಯಲ್ಲಿ ಮೆಣಸಿನಕಾಯಿ ಒಗ್ಗರಣೆ ಹಾಕಿದರೆ ನಮ್ಮ ಹಜಾರದಲ್ಲಿ ಸೀನು ಬರುತ್ತದೆ. ಯಾರ ಮನೆಗೆ ಯಾರು ಬಂದರು, ಎಷ್ಟು ಹೊತ್ತು ಕೂತರು, ಹೋಗುವಾಗ ಕೈಯಲ್ಲಿ ಏನಿತ್ತು ಎಂಬುದೆಲ್ಲ ಎಲ್ಲರಿಗೂ ಗೊತ್ತಿರುತ್ತದೆ. ಅದರಿಂದ ನನಗೇನೂ ತೊಂದರೆ ಅನಿಸಿರಲಿಲ್ಲ. ಎದುರು ಮನೆಯವರು ಕ್ಯಾಮೆರಾ ಹಾಕಿಸಿದ ಮೇಲೆ ಎಲ್ಲ ಬದಲಾಯಿತು.

ಆ ಮನೆಯ ಹಿರಿಯರು ಪಾವಗಡದ ಕಡೆಯವರು. ಬಸ್ ಡ್ರೈವರ್ ಆಗಿದ್ದು ನಿವೃತ್ತರಾಗಿ, ಹೆಂಡತಿಯೊಂದಿಗೆ ಇಲ್ಲಿ ಬಂದು ನೆಲೆಸಿದ್ದರು. ಮಾತು ಕಡಿಮೆ. ಒಂದು ಭಾನುವಾರ ಬೆಳಿಗ್ಗೆ ಏಣಿ ಹಾಕಿ, ಬಾಗಿಲ ಮೇಲಿನ ಸಜ್ಜಕ್ಕೆ ಒಂದು ಬಿಳಿ ಕ್ಯಾಮೆರಾ ಕೂರಿಸಿದರು. ನನ್ನ ಯಜಮಾನರು ಕಾಫಿ ಲೋಟ ಹಿಡಿದು ಅದನ್ನೇ ನೋಡುತ್ತ ನಿಂತರು.

"ಅದು ನಮ್ಮ ಗೇಟ್ ಕಡೆಗೇ ತಿರುಗಿದೆ, ನೋಡು," ಎಂದರು.

ಯಜಮಾನರು ದಿನವೂ ಶಿರಾಕ್ಕೆ ಕೆಲಸಕ್ಕೆ ಹೋಗಿ ಬರುವವರು. ನಾನು ದೊಡ್ಡೇರಿ ಕಡೆಯ ಹೈಸ್ಕೂಲಿನಲ್ಲಿ ಟೀಚರ್. ಹಗಲು ಮನೆಯಲ್ಲಿರುವುದು ಅತ್ತೆ ಒಬ್ಬರೇ. ಮಂಡಿನೋವಿನಿಂದ ಅವರು ಗೇಟು ದಾಟುವುದಿಲ್ಲ ಎಂದೇ ನಾವು ತಿಳಿದಿದ್ದೆವು.

ಆ ದಿನದಿಂದ ನನ್ನ ನಡೆ ನುಡಿಯೇ ಬೇರೆಯಾಯಿತು. ತಲೆಗೆ ನೀರು ಹಾಕಿಕೊಂಡು ಮುಂದಿನ ಮೆಟ್ಟಿಲ ಮೇಲೆ ಕೂದಲು ಆರಿಸುವುದನ್ನು ಬಿಟ್ಟೆ. ಒಗೆದ ಬಟ್ಟೆ ಹಿತ್ತಲಿಗೆ ಹೋಯಿತು. ಒಂದು ಸಂಜೆ ಆ ಹಿರಿಯರು ಗೇಟಿನ ಬಳಿ ನಿಂತು, "ನಿನ್ನೆ ಸ್ಕೂಲಿಂದ ಬರೋದು ಲೇಟಾಯ್ತೇನಮ್ಮಾ?" ಎಂದು ಕೇಳಿದರು. ನಾನು ನಕ್ಕು ತಲೆಯಾಡಿಸಿದೆ. ಒಳಗೆ ಬಂದ ಮೇಲೆ ಮೈ ಉರಿಯಿತು. ಹಾಗಾದರೆ ಇವರು ಮೊಬೈಲ್ ಹಿಡಿದು ನಾನು ಬರುವ ಹೊತ್ತು ನೋಡುತ್ತಾ ಕೂತಿರುತ್ತಾರೆ. ಯಾಕೆ? ನಮ್ಮ ಮನೆಯಲ್ಲಿ ಅವರಿಗೇನು ಕೆಲಸ?

ನನಗಿಂತ ಹೆಚ್ಚು ಸಿಟ್ಟು ಬಂದದ್ದು ಅತ್ತೆಗೆ.

"ಯಾರ್ ಮನೆ ಬಾಗ್ಲು ಯಾರ್ ನೋಡ್ಬೇಕು? ಮೊದ್ಲು ಹೋಗಿ ತೆಗ್ಸಮ್ಮ ಅದನ್ನ," ಎಂದು ದಿನಕ್ಕೆರಡು ಸಲ ಹೇಳತೊಡಗಿದರು. ಮಗ ಸುಮ್ಮನಿದ್ದುದಕ್ಕೆ ಅವನ ಮೇಲೂ ಮುನಿಸಿಕೊಂಡರು. "ಇವ್ನು ಬುಡು, ಮಾತಾಡಾಕಿಲ್ಲ. ನೀನೇ ಕೇಳು."

ಕೊನೆಗೆ ಒಂದು ರಜೆಯ ದಿನ ನಾನೇ ಹೋದೆ. ಏನು ಹೇಳಬೇಕೆಂದು ಮನಸ್ಸಿನಲ್ಲೇ ನಾಲ್ಕು ಸಲ ಅಂದುಕೊಂಡು ಹೋಗಿದ್ದೆ. ಹಿರಿಯರು ನನ್ನ ಮಾತನ್ನು ಪೂರ್ತಿ ಕೇಳಿದರು. ಮುಖ ಸಣ್ಣದಾಯಿತು.

"ಅಯ್ಯೋ, ಏಂ ಲೇದಮ್ಮಾ, ಏನೂ ಇಲ್ಲ. ಬೈಕಿಂದ ಪೆಟ್ರೋಲ್ ಕದೀತಾ ಇದ್ರು, ಅದಕ್ಕೆ ಹಾಕ್ಸಿದ್ದು. ರಸ್ತೆ ಸಣ್ಣದು, ನಿಮ್ಮ ಗೇಟೂ ಬರ್ತದೆ. ನೀವೇ ನೋಡ್ರಿ," ಎಂದು ಮೊಬೈಲ್ ತೆಗೆದು, ಕ್ಯಾಮೆರಾ ಹಾಕಿದ ಮೇಲೂ ಪೆಟ್ರೋಲ್ ಹೋದ ಒಂದು ದಿನದ ವಿಡಿಯೋ ತೋರಿಸಿದರು.

ಪರದೆಯ ಮುಕ್ಕಾಲು ಭಾಗ ಅವರ ಬೈಕು, ತುಳಸಿಕಟ್ಟೆ. ಮೇಲಿನ ಮೂಲೆಯಲ್ಲಿ ನಮ್ಮ ಗೇಟು. ಮಧ್ಯಾಹ್ನ ಎರಡೂವರೆ. ನಮ್ಮ ಗೇಟು ತೆರೆಯಿತು. ಹಸಿರು ಅಂಚಿನ ಒಳ್ಳೆಯ ಸೀರೆ ಉಟ್ಟ ಹೆಂಗಸೊಬ್ಬರು ಹೊರಗೆ ಬಂದು, ಬೀಗ ಹಾಕಿ, ಅದನ್ನು ಎಳೆದು ನೋಡಿ, ಎಡಗಡೆಗೆ ಸರಸರ ನಡೆದರು. ಅದು ನನ್ನ ಅತ್ತೆ.

ಹಿರಿಯರು ಮುಖ ಬೇರೆ ಕಡೆ ತಿರುಗಿಸಿದರು. ಅವರ ಹೆಂಡತಿ ಮಾತ್ರ ಸಹಜವಾಗಿ, "ಬುಧವಾರ ಬುಧವಾರ ಹೋಗ್ತಾರಲ್ಲ, ದೇವಸ್ಥಾನಕ್ಕೇನೋ ಅಂದ್ಕೊಂಡಿದ್ವಿ," ಎಂದರು.

ನಾನೂ ಹಾಗೇ ಏನೋ ಹೇಳಿ ಎದ್ದು ಬಂದೆ. ಅತ್ತೆ ಬಾಗಿಲಲ್ಲೇ ಕಾಯುತ್ತಿದ್ದರು. "ತೆಗೀತಾರಂತಾ?" ಎಂದರು. "ಇಲ್ಲ ಅತ್ತೆ," ಎಂದೆ.

ಆಮೇಲಿನ ದಿನಗಳನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ. ನಾನು ಅವರನ್ನು ಕಾಯತೊಡಗಿದೆ. ಚಪ್ಪಲಿಯಲ್ಲಿ ಧೂಳಿದೆಯೇ ಎಂದು ನೋಡಿದೆ. ಅವರ ಮೊಬೈಲಿನಲ್ಲಿ ಯಾರ ಕರೆ ಬಂದಿದೆ ಎಂದು ಹುಡುಕಿದೆ, ಏನೂ ಸಿಗಲಿಲ್ಲ. ಒಂದು ಗುರುವಾರ ಬೆಳಿಗ್ಗೆ ಕಾಫಿ ಕೊಡುವಾಗ ಅವರ ಬೆರಳುಗಳು ಕಂದು ಬಣ್ಣಕ್ಕೆ ತಿರುಗಿದ್ದವು. ಕೇಳಿದೆ. "ತಂಬಿಗೆ ಉಜ್ಜಿದ್ದೆ ಕಣಮ್ಮ," ಎಂದರು. ಆ ವಾರ ಮನೆಯ ಯಾವ ತಂಬಿಗೆಯೂ ಹೊಳೆಯುತ್ತಿರಲಿಲ್ಲ. ಯಾರೋ ಮಂತ್ರವಾದಿಯ ಬಲೆಗೆ ಬಿದ್ದಿದ್ದಾರೆಯೇ? ಯಾರಾದರೂ ಯಾವುದೋ ಕಾಗದಕ್ಕೆ ಅವರ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದಾರೆಯೇ? ಯಜಮಾನರಿಗೆ ಹೇಳಿದರೆ ಕೂಗಾಡುತ್ತಾರೆಂದು ಸುಮ್ಮನಿದ್ದೆ.

ಮುಂದಿನ ಬುಧವಾರ ಅರ್ಧ ದಿನ ರಜೆ ಹಾಕಿ ಬಂದು, ರಸ್ತೆಯ ತುದಿಯ ದಿನಸಿ ಅಂಗಡಿಯಲ್ಲಿ ನಿಂತೆ. ಎರಡೂವರೆಗೆ ಅತ್ತೆ ಬಂದರು. ಮಂಡಿನೋವು ಸುಳ್ಳಲ್ಲ. ತಿರುವಿನಲ್ಲಿ ಗೋಡೆ ಹಿಡಿದು ಒಂದು ನಿಮಿಷ ನಿಂತರು. ಮತ್ತೆ ನಡೆದರು. ನಾನು ದೂರದಿಂದ ಹಿಂಬಾಲಿಸಿದೆ. ಎರಡು ಬೀದಿ ದಾಟಿ, ಒಂದು ಹೆಂಚಿನ ಮನೆಯ ಗೇಟು ತಳ್ಳಿ ಒಳಗೆ ಹೋದರು.

ನಾನು ಗೇಟಿನ ಹತ್ತಿರ ಹೋಗಿ ನೋಡಿದಾಗ ಇಬ್ಬರು ಮುದುಕಿಯರು ಚಾಪೆಯ ಮೇಲೆ ಕಾಲು ಚಾಚಿ ಕೂತು, ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಮಾತಿಲ್ಲ, ನಗುವಿಲ್ಲ. ಇಬ್ಬರದೂ ಒಂದೇ ಮೂಗು, ಒಂದೇ ಗಲ್ಲ.

ಅತ್ತೆಯ ಜೊತೆ ಕೂತಿದ್ದವರು ಅವರ ತಂಗಿ. ಪುರವರದ ಹತ್ತಿರ ಈ ಅಕ್ಕತಂಗಿಯರ ತವರು. ಅಲ್ಲಿನ ಜಮೀನು ಭಾಗವಾಗುವಾಗ ತಂಗಿಯ ಗಂಡ ಕೇಸು ಹಾಕಿದ್ದರು. ಆ ಕೇಸಿಗಾಗಿ ನಮ್ಮ ಯಜಮಾನರು ವರ್ಷಗಟ್ಟಲೆ ಕೋರ್ಟಿಗೆ ಅಲೆದಿದ್ದರು. ಮಾವ ತೀರಿಕೊಂಡಾಗಲೂ ಆ ಮನೆಯಿಂದ ಯಾರೂ ಬರಲಿಲ್ಲ. ಅಂದಿನಿಂದ ಅವರ ಹೆಸರೆತ್ತುವಂತಿಲ್ಲ ಎಂದು ಯಜಮಾನರು ಕಟ್ಟಪ್ಪಣೆ ಮಾಡಿದ್ದರು. ಆ ಚಿಕ್ಕಮ್ಮ ಈಗ ಮಗಳ ಮನೆಗೆ ಬಂದಿರುವುದು ನಮಗೆ ಗೊತ್ತೇ ಇರಲಿಲ್ಲ.

ಅತ್ತೆ ತಲೆ ಎತ್ತಿ ನನ್ನನ್ನು ನೋಡಿದರು. ಗಾಬರಿಯಾಗಲಿಲ್ಲ.

"ಬಂದ್ಬುಟ್ಯಾ? ಕೂತ್ಕೊ," ಎಂದರು. ಕೈಯಲ್ಲಿದ್ದ ಹಣ್ಣು ಬಿಡಿಸಿ ಮುಗಿಸಿ, "ಅವ್ನಿಗೆ ಹೇಳ್ಬ್ಯಾಡ ಕಣಮ್ಮ. ಅವ್ನ್ ಕೋಪ ಅವ್ನಿಗಿರ್ಲಿ. ನಂಗೆ ಇವ್ಳೊಬ್ಳೇ ಉಳ್ದಿರೋದು," ಎಂದರು.

ಚಿಕ್ಕಮ್ಮ ಒಂದು ಲೋಟ ನೀರು ತಂದಿಟ್ಟು, ನನ್ನ ಕಡೆ ನೋಡದೆ ಮತ್ತೆ ಕೆಲಸಕ್ಕೆ ಕೂತರು. ನಾನೂ ಒಂದು ಹಿಡಿ ಹುಣಸೆಹಣ್ಣು ತೆಗೆದುಕೊಂಡೆ.

ಐದು ವಾರ ಗುಟ್ಟು ಉಳಿಸಿಕೊಂಡೆ. ಆಮೇಲೆ ಯಜಮಾನರಿಂದ ಮುಚ್ಚಿಡುವುದು ನನ್ನಿಂದ ಆಗಲಿಲ್ಲ. ಒಂದು ಸಂಜೆ ಅತ್ತೆಯ ಎದುರಿಗೇ ಇವರಿಗೆ ಹೇಳಿಬಿಟ್ಟೆ. ಇವರು ತಾಯಿಯ ಮೇಲೆ ರೇಗಲಿಲ್ಲ. ನನ್ನ ಕಡೆ ತಿರುಗಿ, "ಐದು ವಾರ ಮುಚ್ಚಿಟ್ಟೆ. ಇನ್ನೂ ಏನೇನು ಮುಚ್ಚಿಟ್ಟಿದ್ದೀಯಾ?" ಎಂದರು. ಆ ಪ್ರಶ್ನೆ ತುಂಬಾ ದಿನ ನಮ್ಮಿಬ್ಬರ ನಡುವೆ ಇತ್ತು. ನಾನು ಫೋನಿನಲ್ಲಿ ಮಾತಾಡುತ್ತಿದ್ದರೆ ಅವರು ಟೀವಿಯ ಸದ್ದು ತಗ್ಗಿಸುತ್ತಿದ್ದರು. ಅತ್ತೆ ನನ್ನೊಂದಿಗೆ ಮಾತು ಬಿಟ್ಟರು. ಬುಧವಾರ ಹೋಗುವುದನ್ನೂ ನಿಲ್ಲಿಸಿದರು. ಮಧ್ಯಾಹ್ನವೆಲ್ಲ ಕಿಟಕಿಯ ಬಳಿ ಸುಮ್ಮನೆ ಕೂತಿರುತ್ತಿದ್ದರೆಂದು ಪಕ್ಕದ ಮನೆಯವರು ಹೇಳಿದರು.

ಮೂರು ಬುಧವಾರ ಹೀಗೆ ಕಳೆಯಿತು. ನಾಲ್ಕನೆಯದಕ್ಕೆ ನನ್ನ ಸ್ಕೂಲಿಗೆ ರಜೆಯಿತ್ತು, ಇವರೂ ಶಿರಾಕ್ಕೆ ಹೋಗಲಿಲ್ಲ. ಊಟ ಮುಗಿಸಿ ಬೈಕ್ ಹೊರಗೆ ತಂದು, "ಅವ್ವ, ಹತ್ತು," ಎಂದರು. ಅತ್ತೆ ನನ್ನ ಮುಖ ನೋಡಿದರು. ಇದರಲ್ಲಿ ನನ್ನ ಕೈವಾಡ ಇದೆಯೇ ಎಂಬ ಅನುಮಾನ ಆಗಲೂ ಅವರ ಕಣ್ಣಲ್ಲಿತ್ತು. ನನ್ನ ಕೈವಾಡವೇನೂ ಇರಲಿಲ್ಲ. ಅತ್ತೆ ಸೀರೆ ಬದಲಿಸದೆ ಹಾಗೇ ಹತ್ತಿದರು.

ಕಾಲು ಗಂಟೆಗೆ ಇವರೊಬ್ಬರೇ ವಾಪಸು ಬಂದರು.

"ಒಳಗೆ ಹೋದ್ರಾ?" ಎಂದು ಕೇಳಿದೆ.

"ಇಲ್ಲ."

"ಚಿಕ್ಕಮ್ಮ ಮಾತಾಡಿಸಿದ್ರಾ?"

"ಬಾಗಿಲಲ್ಲಿ ನಿಂತಿದ್ರು," ಎಂದರು. ಚಪ್ಪಲಿ ಬಿಟ್ಟು, ನೀರು ಕುಡಿದು, ಆಮೇಲೆ ಹೇಳಿದರು. "ತಲೆ ಎಲ್ಲ ಬೆಳ್ಳಗಾಗಿಬಿಟ್ಟಿದೆ."