ರಮಾಮಣಿ ಟೀಚರ ಸಂಸ್ಕೃತಿ ವಿನಿಮಯ

ಕಾಪುವಿನ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಸಂಸ್ಕೃತ ಕಲಿಸಿದ ರಮಾಮಣಿ ಟೀಚರಿಗೆ, ಎದುರು ಸಿಕ್ಕವರಿಗೆ ಏನನ್ನಾದರೂ ಕಲಿಸದೆ ಬಿಟ್ಟು ಅಭ್ಯಾಸವಿರಲಿಲ್ಲ. ನಿವೃತ್ತರಾದ ಮೇಲೆ ಹಾಲಿನವನಿಗೆ ಸಂಧಿ, ಗ್ಯಾಸಿನವನಿಗೆ ಸಮಾಸ ವಿವರಿಸಿದರು. ಇಬ್ಬರೂ ಗೇಟಿನಲ್ಲೇ ಇಟ್ಟು ಓಡತೊಡಗಿದಾಗ ಉಡುಪಿಯಲ್ಲಿ ‘ಸದ್ಭಾವ ಬಳಗ’ ಕಟ್ಟಿ ಅಧ್ಯಕ್ಷೆಯಾದರು.

ಕಳೆದ ನವೆಂಬರಿನಲ್ಲಿ ಬಳಗವು ಬೈಲುಕುಪ್ಪೆಯ ಟಿಬೆಟನ್ ನಿರಾಶ್ರಿತರ ಕ್ಯಾಂಪಿಗೆ ‘ಧರ್ಮ ಸಂಸ್ಕೃತಿ ವಿನಿಮಯ ಯಾತ್ರೆ’ ಹೊರಡಿಸಿತು. ವಿನಿಮಯ ಹೇಗೆಂದು ಟೀಚರೇ ತೀರ್ಮಾನಿಸಿದ್ದರು. ಬಳಗ ಉಪನ್ಯಾಸ ಕೊಡುವುದು, ಅವರು ಕೇಳುವುದು. ಬಳಗ ಬಟ್ಟೆ ಕೊಡುವುದು, ಅವರು ತೆಗೆದುಕೊಳ್ಳುವುದು. ಕಾರ್ಯದರ್ಶಿ ಪ್ರಿಯಂವದಾ ಮಣಿಪಾಲದ ಫ್ಲ್ಯಾಟುಗಳನ್ನೆಲ್ಲ ಹತ್ತಿಳಿದು ನಾಲ್ಕು ಗೋಣಿ ಹಳೆಯ ಸ್ವೆಟರ್ ಒಟ್ಟುಮಾಡಿದರು. ಕಾಶಿಗೆ ಹೋಗುವಾಗ ಕೊಂಡು ಒಂದೇ ಸಲ ಹಾಕಿದ್ದ ತಮ್ಮ ಕಂದು ಸ್ವೆಟರನ್ನು ಟೀಚರೂ ಸೇರಿಸಿದರು. ಅಲ್ಲಿಯ ಊಟ ಹೇಗೋ ಏನೋ ಎಂದು ಬಜಗೋಳಿಯಿಂದ ಅಡುಗೆಯ ನಂದನ ಭಟ್ಟರನ್ನೂ, ಜೊತೆಗೆ ನೀರಿನ ಕ್ಯಾನುಗಳನ್ನೂ ಬಸ್ಸಿಗೆ ಹತ್ತಿಸಲಾಯಿತು.

ಕ್ಯಾಂಪ್ ಅಂದರೆ ಹರಿದ ಡೇರೆಗಳಿರುತ್ತವೆ ಎಂದುಕೊಂಡಿದ್ದವರಿಗೆ ತಾರಸಿ ಮನೆ, ಕಾರು, ಕಾಫಿ ಹೋಟೆಲು ಕಂಡು ಸ್ವಲ್ಪ ಮೋಸಹೋದ ಹಾಗಾಯಿತು. ಸಭಾಭವನದಲ್ಲಿ ಅಲ್ಲಿನ ಮಹಿಳಾ ಸಂಘದ ಹಿರಿಯರಾದ ಡೋಲ್ಮಾ ಎಂಬವರು ಎಲ್ಲರ ಕೊರಳಿಗೆ ಬಿಳಿ ಶಾಲು ಹಾಕಿ ಸ್ವಾಗತಿಸಿದರು. ಎಪ್ಪತ್ತು ದಾಟಿದ ಗಟ್ಟಿ ಹೆಂಗಸು. ಟೀಚರು ಕಿವುಡರೊಡನೆ ಮಾತನಾಡುವವರಂತೆ, ಒಂದೊಂದೇ ಹಿಂದಿ ಶಬ್ದವನ್ನು ಗಟ್ಟಿಯಾಗಿ ಬಿಡಿಸಿ ಹೇಳಿದರು. ಡೋಲ್ಮಾ ಪೂರ್ತಿ ಕೇಳಿಸಿಕೊಂಡರು.

“ಕನ್ನಡದಲ್ಲೇ ಹೇಳಿ ಅಮ್ಮ. ಹಿಂದಿ ನಿಮಗೆ ಕಷ್ಟ ಆಗ್ತಾ ಉಂಟು.”

ಅವರು ಉಡುಪಿಯ ರಸ್ತೆ ಬದಿಯಲ್ಲಿ ಇಪ್ಪತ್ತೆರಡು ಚಳಿಗಾಲ ಸ್ವೆಟರ್ ಮಾರಿದ್ದರಂತೆ. ಉಡುಪಿಯ ಚಳಿ ಎಂದರೆ ಫ್ಯಾನನ್ನು ಮೂರರಿಂದ ಎರಡಕ್ಕೆ ಇಳಿಸುವಷ್ಟು. ಆದರೂ ಕಾಶಿ, ಬದರಿಗೆ ಹೊರಟವರು ಕೊಳ್ಳುತ್ತಿದ್ದರಂತೆ. ಅಷ್ಟರಲ್ಲಿ ಪ್ರಿಯಂವದಾ ಗೋಣಿ ಬಿಚ್ಚಿದರು. ಡೋಲ್ಮಾ ರಾಶಿಯಿಂದ ಕಂದು ಸ್ವೆಟರೊಂದನ್ನು ಎತ್ತಿ, ಕಾಲರ್ ಮಗುಚಿ ನೋಡಿ, ಇದು ನಮ್ಮದೇ ಮಾಲು, ಎಷ್ಟು ಚೆನ್ನಾಗಿ ಇಟ್ಟುಕೊಂಡಿದ್ದಾರೆ ಎಂದು ಮೆಚ್ಚಿದರು. ಅದಕ್ಕಾಗಿ ಬಿಸಿಲಲ್ಲಿ ಅರ್ಧ ಗಂಟೆ ಚೌಕಾಸಿ ಮಾಡಿದ್ದು ಟೀಚರಿಗೆ ನೆನಪಾಯಿತು.

“ಅಷ್ಟು ವರ್ಷ ನಮ್ಮೂರಲ್ಲೇ ಇದ್ರಿ. ಒಮ್ಮೆ ಮನೆಗೆ ಬರಬಹುದಿತ್ತಲ್ವಾ?” ಎಂದರು ಟೀಚರು.

“ಯಾರು ಕರೆದಿದ್ರು ಅಮ್ಮ?” ಡೋಲ್ಮಾ ಸ್ವೆಟರಿನ ಅಳತೆ ಕೇಳುವ ಧಾಟಿಯಲ್ಲೇ ಕೇಳಿದರು. “ನೀರು ಕೇಳಿದ್ರೆ ಗೇಟಿನ ಹೊರಗಿನ ನಲ್ಲಿ ತೋರಿಸ್ತಿದ್ರು.”

ಹತ್ತೊಂಬತ್ತು ಪುಟದ ಉಪನ್ಯಾಸ ಐದು ನಿಮಿಷದಲ್ಲಿ ಮುಗಿಯಿತು. ಬಳಗದವರು ಅದನ್ನು ಟೀಚರ ಗಂಟಲಿನ ತೊಂದರೆ ಎಂದುಕೊಂಡರು.

ಬರುವವರು ಉಡುಪಿಯವರೆಂದು ಡೋಲ್ಮಾ ಈರುಳ್ಳಿ ಬೆಳ್ಳುಳ್ಳಿ ಮುಟ್ಟದೆ ಅನ್ನ, ಸಾರು, ಪಲ್ಯ ಮಾಡಿಸಿದ್ದರು. ಬಳಗದವರು ಕೈಮುಗಿದು, ಬಹಳ ಸಂತೋಷವೆಂದು ಹೇಳಿ, ಬಸ್ಸಿನೊಳಗೆ ಕೂತು ಕಿಟಕಿಯ ಪರದೆ ಎಳೆದುಕೊಂಡು ಚಿತ್ರಾನ್ನದ ಡಬ್ಬಿ ಬಿಚ್ಚಿದರು. ಟೀಚರೂ ಬಸ್ಸಿನ ಮೆಟ್ಟಿಲಿಗೆ ಕಾಲಿಟ್ಟವರು ಯಾಕೋ ಹಿಂದೆ ಬಂದರು. ಉದ್ದಕ್ಕೆ ಹಾಸಿದ ಖಾಲಿ ಚಾಪೆಯ ಕೊನೆಯಲ್ಲಿ ನಂದನ ಭಟ್ಟರೊಬ್ಬರೇ ಕೂತು ಎರಡನೇ ಸಲ ಅನ್ನ ಹಾಕಿಸಿಕೊಳ್ಳುತ್ತಿದ್ದರು.

“ಕೂತ್ಕೊಳ್ಳಿ ಟೀಚರೇ, ಸಾರು ಒಳ್ಳೆದುಂಟು. ಬೇರೆಯವರು ಬಡಿಸಿ ನಾನು ತಿನ್ನದೆ ಎಷ್ಟು ಕಾಲವಾಯ್ತೋ.”

ಟೀಚರು ಕೂತು ಉಂಡರು. ಉಪ್ಪು ತುಸು ಕಡಿಮೆ ಎನಿಸಿತು; ಹೇಳಲಿಲ್ಲ. ಅವರ ಮಟ್ಟಿಗೆ ಇದು ಸಣ್ಣ ತ್ಯಾಗವಲ್ಲ.

ಡಿಸೆಂಬರಿನ ಸಭೆಯಲ್ಲಿ ಅವರು, ಈಗ ಡೋಲ್ಮಾ ಕಡೆಯವರನ್ನು ಉಡುಪಿಗೆ ಕರೆದು ನಮ್ಮ ನಮ್ಮ ಮನೆಗಳಲ್ಲಿ ಉಳಿಸಿಕೊಳ್ಳೋಣ ಎಂದರು. ಒಬ್ಬರ ಮನೆಗೆ ಪೇಂಟಿಂಗ್ ನಡೆಯುತ್ತಿತ್ತು, ಇನ್ನೊಬ್ಬರ ಸೊಸೆಗೆ ಪರೀಕ್ಷೆ, ಮತ್ತೊಬ್ಬರಿಗೆ ಮಡಿಯ ಅತ್ತೆ. ಮುಂದಿನ ಯಾತ್ರೆ ಕಾಶಿಗೆ ಎಂದು ಸರ್ವಾನುಮತದಿಂದ ನಿರ್ಣಯವಾಯಿತು. ಅಲ್ಲಾದರೆ ಊಟಕ್ಕೆ ನಮ್ಮವರದೇ ಮಠ ಉಂಟು ಎಂದು ಪ್ರಿಯಂವದಾ ನಿರ್ಣಯಪುಸ್ತಕದಲ್ಲೂ ಬರೆದರು.

ಜನವರಿಯಲ್ಲಿ ಡೋಲ್ಮಾ ಕಣ್ಣಿನ ಆಪರೇಷನ್ನಿಗೆ ಮಣಿಪಾಲಕ್ಕೆ ಬಂದವರು ಆರು ದಿನ ಟೀಚರ ಮನೆಯಲ್ಲೇ ಉಳಿದರು. ಸುದ್ದಿ ತಿಳಿದ ಪ್ರಿಯಂವದಾ, ಬಳಗದ ವಾರ್ಷಿಕ ವರದಿಗೊಂದು ಫೋಟೋ ಬೇಕೆಂದು ಮೊಬೈಲು ಹಿಡಿದು ಬಂದರು. ಟೀಚರು ಕಾಫಿ ಕೊಟ್ಟರು. ಫೋಟೋ ತೆಗೆಯಲು ಬಿಡಲಿಲ್ಲ.