ಸಮುದ್ರದೊಳಗೆ ಕೇಳಿದ ಮಗ್ಗ

ನಮ್ಮ ಮನೆತನದಲ್ಲಿ ಡಿಗ್ರಿ ಕಂಡ ಮೊದಲಿಗ ನಾನು. ಗಜೇಂದ್ರಗಡದ ನೇಕಾರರ ಓಣಿಯಲ್ಲಿ ಕಂಡಿಕೆಗೆ ನೂಲು ಸುತ್ತುತ್ತ, ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು ಫಿಸಿಕ್ಸ್ ಓದಿದವನು. ದೆವ್ವ, ಗಾಳಿ ಎಂದು ಯಾರಾದರೂ ಮಾತು ತೆಗೆದರೆ ಎದ್ದು ಹೋಗುತ್ತಿದ್ದೆ. ಈಗ ಕೂತು ಕೇಳುತ್ತೇನೆ. ನಂಬಿದೆ ಅಂತಲ್ಲ; ಎದ್ದು ಹೋಗುವ ಧೈರ್ಯ ಉಳಿದಿಲ್ಲ.

ನೌಕಾದಳ ಸೇರಿ ಸಬ್‌ಮರೀನಿನಲ್ಲಿ ಸೋನಾರ್ ಕೆಲಸ ಹಿಡಿದೆ. ಆಳಕ್ಕೆ ಇಳಿದ ಮೇಲೆ ಸಬ್‌ಮರೀನಿಗೆ ಕಣ್ಣಿಲ್ಲ, ಕಿವಿಯೊಂದೇ. ಹೆಡ್‌ಫೋನ್ ಹಾಕಿಕೊಂಡು ದೂರದ ಹಡಗು ಯಾವುದು, ಮೀನಿನ ಹಿಂಡು ಯಾವುದು ಎಂದು ಹೇಳಬೇಕು. ನೇಕಾರರ ಮಕ್ಕಳಿಗೆ ಇದು ಹೊಸದಲ್ಲ; ಸದ್ದಿನ ಮೇಲೆಯೇ ಇದು ಇಂಥವರ ಮನೆಯ ಮಗ್ಗ ಎಂದುಬಿಡುತ್ತೇವೆ. ಆ ಕುರ್ಚಿ ನನ್ನ ಹೆಮ್ಮೆಯಾಗಿತ್ತು.

ಪಕ್ಕದ ಸಹಾಯಕನ ಕುರ್ಚಿ ಶಿರೋಳದ ಬಸವರಾಜನದು. ಅವನ ಮನೆಯ ಶೇಂಗಾ ಚಟ್ನಿಯನ್ನು ಡೀಸೆಲ್ ವಾಸನೆಯ ಚಪಾತಿಗೆ ಹಚ್ಚಿಕೊಂಡು ಇಬ್ಬರೂ ತಿನ್ನುತ್ತಿದ್ದೆವು.

ಅಂದು ಮಧ್ಯಾಹ್ನದ ಪಾಳಿ. ಹೆಡ್‌ಫೋನಿನಲ್ಲಿ ಸಮುದ್ರದ ಸಿಗಡಿ ಮೀನುಗಳ ಚಟಪಟ. ಅದರ ಹಿಂದಿನಿಂದ ಮಗ್ಗದ ಸದ್ದು ಬಂತು. ಯಾರದೋ ಅಲ್ಲ, ಅಪ್ಪನದು. ಅಪ್ಪನ ಎಡಗಾಲು ಸೋತಿತ್ತು. ತುಳಿಯುವಾಗ ಒಂದು ಬಡಿತ ಯಾವಾಗಲೂ ತಡವಾಗುತ್ತಿತ್ತು. ಅದೇ ತಡ. ಅಪ್ಪ ತೀರಿಕೊಂಡು, ಮಗ್ಗ ಬಿಚ್ಚಿ, ಅದರ ಕೆಳಗಿನ ಕುಣಿ ಮುಚ್ಚಿ ಎಷ್ಟೋ ವರ್ಷವಾಗಿತ್ತು.

ಬಸವರಾಜನ ಕಡೆ ನೋಡಿದೆ. ಎರಡೂ ಕೈಯಿಂದ ಹೆಡ್‌ಫೋನ್ ಒತ್ತಿ ಹಿಡಿದಿದ್ದ.

"ಕೇಳಾಕತ್ತೈತೇನಲೇ?" ಅಂದೆ.

"ಹೂಂ, ಸುಮ್ನಿರು," ಅಂದ.

ಗುರುತಾಗದ ಸದ್ದು ಬಂದರೆ ದಿಕ್ಕು ಹೇಳಿ, 'ಗೊತ್ತಿಲ್ಲ' ಅನ್ನಬೇಕು. ಅದು ಪದ್ಧತಿ. ನಾನು ಮೈಮರೆತು "ಮಗ್ಗ" ಅಂದುಬಿಟ್ಟೆ. ಮೇಲಧಿಕಾರಿ ನಕ್ಕರು. ನಾನು ನಗದಿದ್ದುದನ್ನು ಕಂಡು ಬಸವರಾಜನಿಗೆ ಕೇಳಿದರು. ಒಬ್ಬನಿಗೆ ಕೇಳಿಸಿದ್ದಕ್ಕೆ ಇನ್ನೊಬ್ಬ ಹೌದೆನ್ನಬೇಕು. ಆಗಷ್ಟೇ ಅದು ಸದ್ದು.

"ಏನೂ ಕೇಳಿಸಿಲ್ಲ ಸರ್," ಅಂದ. ನನ್ನ ಕಡೆ ನೋಡಲಿಲ್ಲ.

ರೆಕಾರ್ಡಿಂಗಿನಲ್ಲೂ ಸಿಗಡಿಗಳಷ್ಟೇ ಇದ್ದವು. ದಂಡೆಗೆ ಬಂದ ಮೇಲೆ ಮನಸ್ಸಿನ ಡಾಕ್ಟರರ ಮುಂದೆ ಕೂರಿಸಿದರು. ಮತ್ತೆ ನನ್ನನ್ನು ನೀರಿಗಿಳಿಸಲಿಲ್ಲ. ಉಳಿದ ಸರ್ವೀಸು ಗೋದಾಮಿನಲ್ಲಿ ಕಳೆಯಿತು. ಜೊತೆಗಾರರು ಹಿಂದಿಯಲ್ಲಿ ನನಗೆ 'ಕರಘಾ' ಎಂದು ಹೆಸರಿಟ್ಟರು, ಮಗ್ಗ ಅಂತ. ನನ್ನ ಕುರ್ಚಿಗೆ ಬಸವರಾಜ ಬಂದ.

ಹೋದ ವರ್ಷ ಗಜೇಂದ್ರಗಡದ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಸಿಕ್ಕ.

"ಏನೋ ಕರಘಾ, ತಲಿ ಪೂರಾ ಬೆಳ್ಳಗಾತಲ್ಲೋ!"

ನಾನು ನಗಲಿಲ್ಲ. "ಖರೇ ಹೇಳು. ಅವತ್ತ ನಿನಗ ಕೇಳಿಸ್ಲಿಲ್ಲೇನು?"

ಚಹಾದ ಕಪ್ಪು ಕೆಳಗಿಟ್ಟ. "ಕೇಳಿಸ್ತು. ಆದ್ರ ಮಗ್ಗ ಅಲ್ಲೋ ಮಾರಾಯ. ನಮ್ಮವ್ವ. ಸತ್ತಾಕಿ, ಹೊಲದಾಗ ಉಣ್ಣಾಕ ಕರದಂಗ ನನ್ನ ಹೆಸರ ಹಿಡದು ಕರದ್ಲು."

"ಮತ್ತ ಅವತ್ತ ಹೇಳಬೇಕಿತ್ತಲ್ಲೋ?"

"ಇಬ್ರೂ ಹುಚ್ಚರಾಗೂದಕ್ಕಿಂತ ಒಬ್ಬ ಆಗೂದು ಚಲೋ ಅಲ್ಲೇನು?" ಅಂದ. ನರಗುಂದದ ಬಸ್ಸು ಬಂತು, ಹತ್ತಿ ಹೋದ.

ಒಂದೇ ತಂತಿಯಲ್ಲಿ ಬಂದದ್ದು ಅವನಿಗೆ ಅವ್ವನಾಗಿ, ನನಗೆ ಮಗ್ಗವಾಗಿ ಹೇಗೆ ಕೇಳಿತು? ನಾನು ಓದಿದ್ದರಲ್ಲಿ ಇದಕ್ಕೆ ಉತ್ತರವಿಲ್ಲ. ಅಥವಾ ಆ ಅವ್ವನ ಮಾತೂ ನನ್ನ ಬಾಯಿ ಮುಚ್ಚಿಸಲು ಅಲ್ಲೇ ಕಟ್ಟಿದ್ದೋ ಏನೋ. ಒಮ್ಮೆ ನನ್ನ ಮಗ್ಗುಲಲ್ಲೇ ಕೂತು ಸುಳ್ಳು ಹೇಳಿದವನನ್ನು ಹೇಗೆ ನಂಬಲಿ? ನಂಬದೆ ಬಿಟ್ಟರೆ, ಅಂದು ಕೇಳಿದವನು ಮತ್ತೆ ನಾನೊಬ್ಬನೇ ಆಗುತ್ತೇನೆ.