ಅರ್ಧ ಮಕ್ಕಳ ಅಪ್ಪಂದಿರು

ಗೋವಾದಲ್ಲಿ ಕಟ್ಟಡದ ಕೆಲಸ ಮಾಡುತ್ತಿದ್ದ ನನ್ನ ಗಂಡ ಮೇಲಿನಿಂದ ಬಿದ್ದು ತೀರಿಕೊಂಡರು. ಈಗ ಇದನ್ನು ಬರೆಯಲು ಬರುತ್ತದೆ. ಆಗ ಬಾಯಿಗೆ ಬರುತ್ತಿರಲಿಲ್ಲ. ಯಾರು ಕೇಳಿದರೂ "ಇಲ್ರೀ" ಅನ್ನುತ್ತಿದ್ದೆ. ನಮ್ಮ ಕಡೆ ಅಷ್ಟು ಸಾಕು, ಮುಂದಿನದನ್ನು ಕೇಳಿದವರು ಮುಖ ನೋಡಿ ತಿಳಿದುಕೊಳ್ಳುತ್ತಾರೆ. ಅವರನ್ನು ಊರಿಗೆ ಒಯ್ದು ಮಣ್ಣು ಮಾಡುವಾಗ ಚಿಕ್ಕ ಮಗಳಿಗೆ ಜ್ವರ. ಅವಳನ್ನು ಗೋವಾದಲ್ಲೇ ನಮ್ಮ ಪಕ್ಕದ ಖೋಲಿಯವರ ಹತ್ತಿರ ಬಿಟ್ಟು ಹೋಗಿದ್ದೆವು. ತಿರುಗಿ ಬಂದು ಅವಳಿಗೂ "ಅಪ್ಪ ಇಲ್ಲವ್ವಾ" ಎಂದೆ. ಅವಳು ಮತ್ತೆ ಕೇಳಲಿಲ್ಲ.

ಮಣಿಪಾಲದಲ್ಲಿ ಹಾಸ್ಟೆಲಿನ ಕಸ ಗುಡಿಸುವ ನನ್ನ ಅಕ್ಕ ನಮ್ಮನ್ನು ಕರೆಸಿಕೊಂಡಳು. ಅವಳ ಒಂದೇ ಕೋಣೆಯಲ್ಲಿ ನಾನು, ಇಬ್ಬರು ಹೆಣ್ಣುಮಕ್ಕಳು ಎಷ್ಟು ದಿನ ಇರುವುದು? ಭಾವ ಯಾರನ್ನೋ ಹಿಡಿದು ಕಾಪುವಿನ ಹೆದ್ದಾರಿ ಬದಿಯ ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಕೆಲಸ ಕೊಡಿಸಿದ. ಹೋಟೆಲಿನ ಹಿಂಬದಿಗೆ ಒಂದು ಕೋಣೆಯನ್ನೂ ಕೊಟ್ಟರು. ಮಾಲೀಕರದು ಒಂದೇ ಮಾತು: ಹಗಲು ಹೊತ್ತಿನಲ್ಲಿ ಮಕ್ಕಳು ಅಡುಗೆಮನೆಯ ಹತ್ತಿರ ಸುಳಿಯಬಾರದು. ಶಾಲೆ ಸಿಗದಿದ್ದರೆ ಕೆಲಸವೂ ಇಲ್ಲ, ಕೋಣೆಯೂ ಇಲ್ಲ.

ಉಡುಪಿಯಲ್ಲಿ ಬಸ್ಸು ಬದಲಾಯಿಸಿ ಮಕ್ಕಳೊಂದಿಗೆ ಕಾಪುವಿನ ಸರಕಾರಿ ಶಾಲೆಗೆ ಹೋದೆ. ಆಫೀಸಿನಲ್ಲಿ ಕುಳಿತರೆ ಸಮುದ್ರದ ಸದ್ದು ಕೇಳುತ್ತಿತ್ತು. ಹೆಡ್ ಟೀಚರ್ ದೊಡ್ಡ ದನಿಯ ಹೆಂಗಸು. ದೊಡ್ಡ ಮಗಳ ಗೋವಾದ ಟಿಸಿಯನ್ನು ಹಿಂದೆ ಮುಂದೆ ತಿರುಗಿಸಿದರು.

"ಇದು ಮರಾಠಿ ಅಲ್ವಾ? ಓದ್ಲಿಕ್ಕೆ ನಾನು ಬೊಂಬಾಯಿಗೆ ಹೋಗ್ಬೇಕಾ ಮಾರಾಯ್ತಿ?"

ನನಗೆ ನಗಲು ಆಗಲಿಲ್ಲ. "ಇಲ್ಲ ಅನ್ನಬ್ಯಾಡ್ರಿ, ಕೈ ಮುಗೀತೀನಿ" ಎಂದು ಎದ್ದು ನಿಂತುಬಿಟ್ಟೆ.

"ಕೂತ್ಕೊಳ್ಳಿ, ಕೂತ್ಕೊಳ್ಳಿ. ಹಿಂದಿ ಟೀಚರ್ ಓದಿ ಹೇಳ್ತಾರೆ." ಮಗಳ ಕಡೆ ತಿರುಗಿದರು. "ಕನ್ನಡ ಬರ್ತದಾ?"

"ಬರ್ತೈತ್ರಿ."

"ಬಾಯಲ್ಲಿ ಉಂಟು, ಗೊತ್ತಾಯ್ತು. ಕೈಯಲ್ಲಿ ಉಂಟಾ?" ಎಂದು ಸೀಮೆಸುಣ್ಣ ಕೊಟ್ಟರು.

ಅವಳು ಹಲಗೆಯ ಮೇಲೆ ತನ್ನ ಹೆಸರು ಬರೆದಳು. ಮರಾಠಿ ಅಕ್ಷರ. ಬರೆದು ಮುಗಿಸಿದ ಮೇಲೆ ಅವಳಿಗೇ ಗೊತ್ತಾಗಿ ಅಂಗೈಯಿಂದ ಒರೆಸಿದಳು.

"ಹೆಸರು ಐದನೆಯ ಕ್ಲಾಸಲ್ಲೇ ಇರ್ಲಿ. ಕನ್ನಡ ಪೀರಿಯಡಿಗೆ ಮಾತ್ರ ಒಂದನೆಯಲ್ಲಿ ತಂಗಿ ಪಕ್ಕ ಕೂತು ಕಲೀಲಿ." ದೊಡ್ಡವಳು ತಲೆ ತಗ್ಗಿಸಿದಳು. ಟೀಚರ್ ನನ್ನನ್ನು ನೋಡಿದರು. "ಇವರ ತಂದೆ?"

"ಇಲ್ರೀ."

"ಅದಕ್ಕೆ ಯಾಕೆ ಅಳುದು? ಈ ಶಾಲೆಯಲ್ಲಿ ಅರ್ಧ ಮಕ್ಕಳ ಅಪ್ಪಂದಿರು ಇಲ್ಲ. ಎಲ್ಲ ಅಮ್ಮಂದಿರೇ ನೋಡ್ಕೊಳ್ಳುದು. ಅಭ್ಯಾಸ ಆಗ್ತದೆ."

ಅರ್ಧ ಮಕ್ಕಳ ಅಪ್ಪಂದಿರು! ಕಿಟಕಿಯ ಆಚೆ ಸಮುದ್ರ ಸದ್ದು ಮಾಡುತ್ತಲೇ ಇತ್ತು. ಮೀನಿಗೆ ಹೋದವರನ್ನು ಈ ನೀರು ಎಳೆದುಕೊಂಡಿದೆ ಎಂದುಕೊಂಡೆ. ಬೇರೆ ಏನೂ ತಲೆಗೆ ಹೊಳೆಯಲಿಲ್ಲ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಆ ಹೊತ್ತು ನನ್ನ ಎದೆ ಸ್ವಲ್ಪ ಹಗುರಾಯಿತು. ಇಷ್ಟು ಮಂದಿ ಇದ್ದಾರೆ, ನಾನೊಬ್ಬಳೇ ಅಲ್ಲ.

ಮಕ್ಕಳು ಶಾಲೆಗೆ ಹೋಗತೊಡಗಿದರು. ಸಂಜೆ ಕರೆತರಲು ಹೋದಾಗ ಗೇಟಿನಲ್ಲಿ ನಿಂತ ತಾಯಂದಿರನ್ನು ನೋಡುತ್ತಿದ್ದೆ. ಅಲ್ಲಿಯ ಬ್ಯಾರಿ ಮುಸಲ್ಮಾನ ಹೆಂಗಸರು ತಮ್ಮ ಭಾಷೆಯಲ್ಲಿ ಏನೋ ಹೇಳಿಕೊಂಡು ನಗುತ್ತಿದ್ದರು. ಕೈತುಂಬ ಬಳೆ, ಹೊಸ ಚಪ್ಪಲಿ. ಇಷ್ಟು ನಗಲು ಇವರಿಗೆ ಎಷ್ಟು ಕಾಲ ಹಿಡಿದಿರಬಹುದು ಎಂದು ಯೋಚಿಸುತ್ತಿದ್ದೆ. ಒಬ್ಬಳನ್ನು ಕೇಳಬೇಕೆಂದು ಹತ್ತಿರ ಹೋಗಿ, ಕೇಳಲಾಗದೆ ತಿರುಗಿ ಬಂದದ್ದೂ ಉಂಟು.

ಒಂದು ಸಂಜೆ ಚಿಕ್ಕವಳು ಗೇಟಿನಿಂದಲೇ ಓಡಿ ಬಂದಳು.

"ಅವ್ವಾ, ಅಪ್ಪ ಎಲ್ಲಿ ಅದಾನ ಗೊತ್ತಾತು! ಗಲ್ಫಿನ್ಯಾಗ!"

"ಯಾರ್ ಹೇಳಿದ್ರು?"

"ನನ್ನ ಬಾಜೂಕ್ ಕೂಡು ಹುಡುಗಿ. ಆಕಿ ಅಪ್ಪಾನೂ ಇಲ್ಲ, ಅಲ್ಲೇ ಅದಾನಂತ. ಶುಕ್ರವಾರ ಫೋನಿನ್ಯಾಗ ಮಾರಿ ತೋರಸ್ತಾನಂತ. ಟೀಚರೂ ಹೇಳ್ಯಾರ, ಅಪ್ಪಗ ಫೋನ್ ಹಚ್ಚಿ ಆಧಾರ್ ಫೋಟೋ ಕಳಸಾಕ ಹೇಳಬೇಕಂತ. ಈಗ ಹಚ್ಚು."

ದೊಡ್ಡವಳು ನನ್ನ ಮುಖ ನೋಡಿ ಬೇರೆ ಕಡೆ ತಿರುಗಿದಳು. ಗೇಟಿನಲ್ಲಿ ಹೆಂಗಸರು ನಗುತ್ತಿದ್ದರು. ಅವರ ಗಂಡಂದಿರು ಬದುಕಿದ್ದರು. ದುಬೈಯಲ್ಲಿ, ಸೌದಿಯಲ್ಲಿ ಅಂಗಡಿಗಳಲ್ಲಿ ದುಡಿಯುತ್ತಿದ್ದರು. ಈ ಊರಿನಲ್ಲಿ "ಇಲ್ಲ" ಎಂದರೆ ಅಷ್ಟೇ. ಅದೊಂದೇ ಮಾತನ್ನು ನಂಬಿಕೊಂಡು ನಾನು ಇಷ್ಟು ದಿನ ಅವರ ಸಾಲಿನಲ್ಲಿ ನಿಂತಿದ್ದೆ.

ಫೋನಿನಲ್ಲಿ ಕರೆನ್ಸಿ ಇಲ್ಲ ಎಂದೆ. ಅವಳು ಅದನ್ನೂ ನಂಬಿದಳು. ಶುಕ್ರವಾರ ಬೇಗ ಬರಲಿ ಎಂದುಕೊಂಡು ಊಟ ಮಾಡಿದಳು.

ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೋಗದೆ ಮಕ್ಕಳೊಂದಿಗೆ ಶಾಲೆಗೆ ಹೋದೆ. ಮೊದಲು ಜಗಲಿಯಲ್ಲಿ ಚಿಕ್ಕವಳನ್ನು ಕೂರಿಸಿಕೊಂಡೆ. ಹೇಳುವಾಗ ಅವಳ ಕಾಲಿನ ಚಪ್ಪಲಿಯ ಪಟ್ಟಿಯನ್ನೇ ನೋಡುತ್ತಿದ್ದೆ.

"ಅಪ್ಪ ಗಲ್ಫಿನ್ಯಾಗ ಇಲ್ಲವ್ವಾ. ಬಿದ್ದು ಸತ್ತಾನ. ಊರಾಗ ಮಣ್ಣು ಮಾಡೇವಿ."

ಅವಳು ಅಳಲಿಲ್ಲ. "ಹಂಗಾರ ಇಲ್ಲ ಅಂದ್ರ, ಎಲ್ಲೂ ಇಲ್ಲೇನು?"

"ಎಲ್ಲೂ ಇಲ್ಲ."

ಆಫೀಸಿನಲ್ಲಿ ಹೆಡ್ ಟೀಚರಿಗೂ ಹೇಳಿದೆ. ಅವರು ಕೈಯಲ್ಲಿದ್ದ ಪೆನ್ನನ್ನು ಕೆಳಗಿಟ್ಟರು. "ಅಯ್ಯೋ ದೇವರೇ. ನೀವು ಇಲ್ಲ ಅಂದ್ರಿ... ನಾನು ಎಂತ ಹೇಳಿಬಿಟ್ಟೆ ನಿಮಗೆ!" ಅಭ್ಯಾಸ ಆಗ್ತದೆ ಎಂದು ಹೇಳಿದ್ದು ಅವರಿಗೆ ನೆನಪಾಗಿರಬೇಕು. ಸಾವಿನ ದಾಖಲೆ ಸಿಕ್ಕಾಗ ತನ್ನಿ, ಅಪ್ಪನ ಆಧಾರ್ ಇಲ್ಲವೆಂದು ಮಕ್ಕಳ ಹೆಸರು ತೆಗೆಯುವುದಿಲ್ಲ ಎಂದರು. ನಾನು ಬೇಡಿ ಬಂದದ್ದು ಅದನ್ನೇ. ಸಿಕ್ಕಿತು.

ಹೊರಗೆ ಬಂದಾಗ ಬೆಲ್ ಆಗಿತ್ತು. ಚಿಕ್ಕವಳು ಕಂಬ ಹಿಡಿದು ನಿಂತಿದ್ದಳು.

"ಶುಕ್ರವಾರ ಆಕಿ ಕೇಳಿದ್ರ ಏನ್ ಹೇಳ್ಲಿ?"

ನನ್ನ ಹತ್ತಿರ ಇದ್ದದ್ದು ಒಂದೇ ಮಾತು. ಅದು ಈ ಊರಿನಲ್ಲಿ ನಡೆಯುವುದಿಲ್ಲ.

"ನಾ ಹೇಳ್ತೀನಿ ನಡಿ," ಎಂದಳು ದೊಡ್ಡವಳು. ಅದು ಕನ್ನಡದ ಪೀರಿಯಡ್ ಆಗಿರಲಿಲ್ಲ. ಸಣ್ಣ ಮಕ್ಕಳ ನಡುವೆ ಕೂರಲು ದಿನಾ ನಾಚಿಕೊಳ್ಳುತ್ತಿದ್ದವಳು ತಂಗಿಯ ಕೈ ಹಿಡಿದು ಒಂದನೆಯ ಕ್ಲಾಸಿನೊಳಗೆ ಹೋದಳು. ಬಾಗಿಲಲ್ಲಿದ್ದ ಆ ಕ್ಲಾಸಿನ ಟೀಚರ್ ಅವಳನ್ನು ತಡೆಯಲಿಲ್ಲ.